ತಲೆಲೆಕ್ಕ

ಬುಧವಾರ ಐಸಿನ ಡಬ್ಬಿಗಳಲ್ಲಿ ಎರಡು ಮೀನು ಬಂದವು.
ಒಂದು ಹೋಟೆಲಿನವರು ಕಳಿಸಿದ ಸಾಲ್ಮನ್:
ಚರ್ಮವಿಲ್ಲ, ಮುಳ್ಳಿಲ್ಲ, ಮುಖವೂ ಇಲ್ಲ,
ಅಂಗೈಯಗಲದ ಹೋಳು, ಕನಕಾಂಬರದ ಬಣ್ಣ.
ಆ ಬಣ್ಣವೂ ಮೇವಿನ ಚೀಲದ್ದೇ,
ಹಾಕದಿದ್ದರೆ ಸಾಕಿದ ಮೀನು ಬೂದುಬೂದು,
ಸರ್ ಹೇಳಿದರು, ಚಹಾಕ್ಕೆ ಬಿಸ್ಕತ್ತು ಅದ್ದುತ್ತಾ.
ಇನ್ನೊಂದು ಗೂಳಿಕಟ್ಟೆ ಕೆರೆಯ ಕಾಟ್ಲಾ,
ಮಂಡ್ಯದಿಂದ ಬಸ್ಸಿನಲ್ಲಿ ಕಣ್ಣು ಬಿಟ್ಟುಕೊಂಡೇ ಬಂದದ್ದು,
ಬಾಯಲ್ಲಿ ಒಂದೆಳೆ ಪಾಚಿ.

ಹದಿನಾಲ್ಕು ವರ್ಷದಿಂದ ಮೈಸೂರಿನ ಈ ಲ್ಯಾಬಿನಲ್ಲಿ
ನನ್ನ ಕೆಲಸ ಇಷ್ಟೇ:
ಬೆನ್ನಿನ ಮಾಂಸ ಕೊಯ್ದು, ತೂಗಿ, ಒಣಗಿಸಿ,
ಆಸಿಡ್ಡಿನಲ್ಲಿ ಕರಗಿಸುವುದು,
ಮೀನು ನೀರಿನಷ್ಟು ತಿಳಿಯಾಗುವವರೆಗೆ.
ಆಮೇಲೆ ಯಂತ್ರ ಹೇಳುತ್ತದೆ, ನಾನು ಬರೆಯುತ್ತೇನೆ:
ಸೀಸ, ಕ್ಯಾಡ್ಮಿಯಂ, ಪಾದರಸ.
ಪಕ್ಕದ ಕಾಲಮ್ಮಿನಲ್ಲಿ ಪ್ರೋಟೀನು, ಒಮೆಗಾ ಮೂರು.
ಮಾತು ಬಿಟ್ಟ ಓರಗಿತ್ತಿಯರ ಹಾಗೆ
ಒಂದೇ ಹಾಳೆಯಲ್ಲಿ ಎರಡೂ, ಒಂದೇ ಒಲೆ.

ಸಾಲ್ಮನ್ ಪಾಸು. ಒಳ್ಳೆಯ ಕೊಬ್ಬಿನಲ್ಲಿ ಡಿಸ್ಟಿಂಕ್ಷನ್.
ಕಾಟ್ಲಾನೂ ಪಾಸೇ. ಸೀಸ ಮಾತ್ರ
ಮಿತಿಯ ಹೊಸಿಲ ಮೇಲೆ ಕಾಲಿಟ್ಟು ನಿಂತಿದೆ,
ಕರೆದರೆ ಬರುವ ನೆಂಟನಂತೆ.
ಗೂಳಿಕಟ್ಟೆಗೆ ಮೂರು ನೀರು ಬಂದು ಸೇರುತ್ತವಂತೆ:
ನಾಲೆಯದು, ಮಳೆಯದು,
ಹಳೇ ಬ್ಯಾಟರಿ ಒಡೆಯುವ ಶೆಡ್ಡು ತೊಳೆದದ್ದು.
ಫಾರಮ್ಮಿನಲ್ಲಿ ಅದಕ್ಕೆ ಜಾಗವಿಲ್ಲ.

ಶುಕ್ರವಾರ ವರದಿಗೆ ಸಣ್ಣತಾಯಮ್ಮ ಬಂದಳು,
ಸಂಘದ ಸೀಲು ಸೆರಗಿನಲ್ಲಿ ಗಂಟು ಹಾಕಿಕೊಂಡು.
"ತಿನ್ಬೋದಾ, ಕಣವ್ವ?"
ತಿನ್ನಬಹುದು ಅಂದೆ. ಮಿತಿಯೊಳಗಿದೆ.
"ಯಾವ ಕಡೇದು ನೋಡ್ದೆ?"
ಬೆನ್ನು.
ನಕ್ಕಳು. ಎಲೆಯಡಿಕೆ ಹಲ್ಲು.
"ಬೆನ್ನು ನಿಮ್ಮೂರಿಗೆ ಬತ್ತದೆ, ತೂಕಕ್ಕೆ.
ನಮ್ಗುಳಿಯೋದು ತಲೆ. ತಲೆ, ಈಲಿ, ಬಾಲದ್ ತುಂಡು.
ಸೊಸೆ ಬಸ್ರಿ. ಕಣ್ಣುಗುಡ್ಡೆ ಎರಡೂ ಅವಳ್ಗೇಯ,
ಮಗೀಗ್ ಒಳ್ಳೇದು ಅಂತ."

ಈಲಿ. ಹೊಟ್ಟೆಯೊಳಗಿನ ಆ ಕಂದು ಗಂಟು.
ಮೀನು ತನ್ನ ವಿಷವನ್ನು ಬಚ್ಚಿಡುವ ಪೆಟ್ಟಿಗೆ.
ಹದಿನಾಲ್ಕು ವರ್ಷದಿಂದ ಅದನ್ನು
ಕೈಗವಸಿನ ಜೊತೆ ಹಳದಿ ಚೀಲಕ್ಕೆ ಹಾಕಿದ್ದೇನೆ.

ಅವಳಿಗೆ ನನ್ನ ಮುಖ ಓದಲು ಬಂತು.
"ಹುಣಸೆ ಹುಳಿ ಜಾಸ್ತಿ ಬಿಟ್ಟು ಕುದಿಸಿದ್ರೆ ಹೋಗ್ತದಾ?"
ಹೋಗಲ್ಲ ಅಂದೆ.
ಅದೊಂದಕ್ಕೆ ಯಂತ್ರ ಬೇಕಾಗಲಿಲ್ಲ.

ಆರೂವರೆ. ಸರ್ ಸ್ಕೂಟರಿನ ಸದ್ದು ಗೇಟು ದಾಟಿದೆ.
ಫ್ರೀಜರಿನಿಂದ ಕಾಟ್ಲಾದ ತಲೆ ತೆಗೆದು ಟ್ರೇಯಲ್ಲಿಟ್ಟೆ.
ಹೊಸ ಫಾರಮ್ಮು. ಮಾದರಿ: ತಲೆ, ಈಲಿ.
ಕಳಿಸಿದವರು: ಬರೆಯಲಿಲ್ಲ.
ಶುಲ್ಕ ಕಟ್ಟುವವರು: ಪೆನ್ನು ಅಲ್ಲಿ ಸ್ವಲ್ಪ ಹೊತ್ತು ನಿಂತಿತು.

ಕಣ್ಣಿನ ಮೇಲಿನ ಹಿಮ ಕರಗುತ್ತಿದೆ.
ಬಾಯಲ್ಲಿ ಇನ್ನೂ ಹಾಗೇ ಇದೆ
ಆ ಕೆರೆಯ ಒಂದೆಳೆ ಹಸಿರು.