ಎರಡನೇ ಕಾಲು

ವಿಠೋಬ ಶೇಟರು ತಕ್ಕಡಿಯಿಂದ ಕಣ್ಣೆತ್ತದೆ
ಪೊಟ್ಟಣವೊಂದನ್ನು ನನ್ನ ಕಡೆ ನೂಕಿದರು:
'ತಗೋ ಜಾಫರ, ಇದು ತೂಕಕ್ಕೆ ಬರಲ್ಲ.'
ಗಾಂಧಿ ಬಜಾರಿನ ಅವರ ಅಂಗಡಿ ಮೆಟ್ಟಿಲ ಮೇಲೇ
ನನ್ನ ಗಾಜಿನ ಪೆಟ್ಟಿಗೆ, ಅಬ್ಬನ ಕಾಲದ್ದು.
ಬಿಚ್ಚಿದೆ. ಹಳೆ ಕ್ಯಾಲೆಂಡರಿನ ಹಾಳೆಯಲ್ಲಿ
ಬತ್ತಲೆ ಕೂತಿತ್ತು
ಚಿನ್ನ ಸುಲಿದ ಗಡಿಯಾರ.

ಮೂವರು ಅಣ್ಣತಮ್ಮಂದಿರಂತೆ.
ಗಡಿಯಾರವನ್ನು ಮೂರು ಪಾಲು ಮಾಡಲಾಗುವುದಿಲ್ಲ,
ಚಿನ್ನವನ್ನು ಮಾಡಬಹುದು.
ಹತ್ತಕ್ಕೆ ಬಂದರು, ಹನ್ನೊಂದಕ್ಕೆ ಮೂಸೆಗೆ ಹಾಕಿಸಿದರು,
ಹನ್ನೊಂದೂವರೆಗೆ ಎದುರಿನ ಹೋಟೆಲಿನಲ್ಲಿ ಮೂರು ಕಾಫಿ.
ಬಿಲ್ಲನ್ನೂ ಬೇರೆ ಬೇರೆ ಕೊಟ್ಟರಂತೆ.

ಹಿತ್ತಾಳೆ ನೋಡಿದ ಕೂಡಲೇ ಗುರುತು ಸಿಕ್ಕಿತು.
ಕೋಟೆ ರಸ್ತೆಯ ಅವರ ಮನೆಗೆ ವರ್ಷಕ್ಕೊಮ್ಮೆ
ಎಣ್ಣೆ ಹಾಕಲು ಅಬ್ಬ ಹೋಗುವಾಗ
ಚೀಲ ಹಿಡಿದವನು ನಾನು.
ಯಾವನೋ ಸೇತುವೆ ಕಟ್ಟುವ ದೊರೆ
ದಿಮ್ಮಿ ಗುತ್ತಿಗೆಯ ಇವರ ಮುತ್ತಜ್ಜನಿಗೆ
ಬಾಕಿಯ ಬದಲು ಇದನ್ನು ಕೊಟ್ಟು ಹಡಗು ಹತ್ತಿದನಂತೆ.
ಆ ಮನೆಯಲ್ಲಿ ಇದನ್ನು ನೋಡುತ್ತಿದ್ದವರು ಕಡಿಮೆ.
ಕೇಳುತ್ತಿದ್ದವರು ಒಬ್ಬರೇ,
ಸಿಡುಬಿನಲ್ಲಿ ಎರಡೂ ಕಣ್ಣು ಹೋದ ಕಾಳಿಂದಮ್ಮ.

ಬದಿಯ ಗುಂಡಿ ಜಾರಿಸಿದರೆ ಸಾಕು:
ಗಂಟೆಗೆ ದಪ್ಪ ದನಿ,
ಕಾಲು ಗಂಟೆಗೆ ಜೋಡಿ ದನಿ,
ನಿಮಿಷಕ್ಕೆ ಸಣ್ಣದು, ಸೂಜಿ ಬಿದ್ದ ಹಾಗೆ.
'ಸಾಬ್ರೇ, ಇದಕ್ಕೆ ಎರಡನೇ ಕಾಲು ಕುಂಟು' ಎಂದಿದ್ದರು ಅಜ್ಜಿ.
ನಿಜ. ಮೊದಲ ಜೋಡಿಯಾದ ಮೇಲೆ
ಒಂದು ಉಸಿರಿನಷ್ಟು ತಡ.
ಅಬ್ಬ ಅರ ತೆಗೆದರು. ಅಜ್ಜಿ ಕೈ ಅಡ್ಡ ಹಿಡಿದರು:
'ಬೇಡ. ಕುಂಟುವವರ ಹೆಜ್ಜೆ
ಬಾಗಿಲಲ್ಲೇ ಗೊತ್ತಾಗುತ್ತೆ.'

ಈಗ ಕಣ್ಣಿಗೆ ಮಸೂರ ಸಿಕ್ಕಿಸಿ ಹುಡುಕುತ್ತೇನೆ.
ಡಯಲಿನ ಮೇಲಿರುವುದು ಮಾರಿದ ಅಂಗಡಿಯ ಹೆಸರು.
ಮಾಡಿದವನದು ಎಲ್ಲೂ ಇಲ್ಲ.
ಆದರೆ ಡಯಲಿನ ಅಡಿಯಲ್ಲಿ, ಕೊಂಡವರು ಯಾರೂ ನೋಡದ ಕಡೆ,
ಸನ್ನೆಯ ಅಂಚನ್ನು ಕನ್ನಡಿಯಾಗುವ ತನಕ ತಿಕ್ಕಿದ್ದಾನೆ.
ಅರದ ಗೀರುಗಳು ಬಲದಿಂದ ಎಡಕ್ಕೆ ಇಳಿಯುತ್ತವೆ.
ಎಡಚ, ನನ್ನ ಹಾಗೆ.
ಊಟಕ್ಕೆ ಕೂತಾಗ ಅವನಿಗೂ ಏಟು ಬಿದ್ದಿರಬಹುದು.
ಕಾಲುಗಳನ್ನು ಎಣಿಸುವ ಪಟ್ಟಿಯಲ್ಲಿ
ಎರಡನೆಯ ಹಲ್ಲು ಕೂದಲೆಳೆಯಷ್ಟು ಹಿಂದೆ.
ಆ ಹೊತ್ತಿಗೆ ಯಾರಾದರೂ ಕರೆದರೋ,
ಒಳಗೆ ಮಗು ಕೆಮ್ಮಿತೋ,
ದೀಪದ ಎಣ್ಣೆ ತೀರಿತೋ.

ಗಡಿಯಾರ ಬಿಚ್ಚಿದವರು ಮುಚ್ಚಳದ ಒಳಮೈಗೆ
ಸೂಜಿಮೊನೆಯಲ್ಲಿ ತಾರೀಖು ಗೀಚುವುದು ನಮ್ಮವರ ಪದ್ಧತಿ.
ಅಬ್ಬನಿಗೆ ಅಕ್ಷರ ಬರುತ್ತಿರಲಿಲ್ಲ,
ಒಂದು ಮೀನು ಬರೆಯುತ್ತಿದ್ದರು.
ವರ್ಷಕ್ಕೊಂದರಂತೆ ಒಂಬತ್ತು.
ಮೀನು ಕಂಡವೇ ಎಂದು ಶೇಟರನ್ನು ಕೇಳಿದೆ.
'ಕರಗಿಸೋ ಮುಂಚೆ ಓದ್ತಾ ಕೂರೋದಾ?
ಇಪ್ಪತ್ತೆರಡಲ್ಲ, ಹದಿನೆಂಟು ಕ್ಯಾರೆಟ್ಟು. ಅಷ್ಟು ನೋಡಿದೆ.'
ತಲೆಗೆ ಮೂರು ಮೀನು, ಸರಿಯಾಗಿ ಭಾಗವಾಯಿತು.

ಸಂಜೆ ಕೀಲಿ ಕೊಟ್ಟು, ಮುಳ್ಳು ತಿರುಗಿಸಿ ಇಟ್ಟಿದ್ದೆ.
ರಾತ್ರಿ ಕರೆಂಟು ಹೋಯಿತು.
ಗುಂಡಿ ಚಿನ್ನದ ಜೊತೆಗೇ ಹೋಗಿತ್ತು,
ಚಿಮಟದಿಂದ ಸನ್ನೆ ತಳ್ಳಿದೆ.
ಮನೆಯಿಲ್ಲದ ದನಿ, ಸೊಳ್ಳೆಯಷ್ಟು.
ಊಟದ ಡಬ್ಬಿ ಬೋರಲು ಹಾಕಿ
ಅದರ ಮೇಲಿಟ್ಟು ಮತ್ತೆ ತಳ್ಳಿದೆ.
ಒಂಬತ್ತು ದಪ್ಪ.
ಜೋಡಿ.

ಜೋಡಿ.
ಎಂಟು ಸೂಜಿ.

'ಯಾರ ಫೋನೋ ಅದು, ಎತ್ತೋ,' ಕತ್ತಲೊಳಗಿಂದ ಶೇಟರು.
'ಫೋನಲ್ಲ ಶೇಟ್ರೇ. ಒಂಬತ್ತು ಮೂವತ್ತೆಂಟು. ಬಾಗಿಲು ಹಾಕಿ.'
ಬೀಗದ ಕೈ ಗೊಂಚಲು ಒಮ್ಮೆ ಅಲುಗಿ ಸುಮ್ಮನಾಯಿತು.
'ಇನ್ನೊಂದು ಸಲ ಹೊಡಿ,' ಎಂದರು.
'ನಡುವೆ ಏನೋ ನಿಂತ ಹಾಗಾಯ್ತಲ್ಲ.'