ಶೇಷ

ಅಬಸ್ತುಮಾನಿ ಬೆಟ್ಟದ ಮೇಲೆ ಆ ಚಳಿಗಾಲ
ಕರೆಂಟು ಬರುತ್ತಿದ್ದದ್ದು ದಿನಕ್ಕೆ ಎರಡು ಗಂಟೆ,
ಅದೂ ಯಾರಿಗೂ ಬೇಡದ ಹೊತ್ತಿನಲ್ಲಿ.
ಗುಮ್ಮಟದೊಳಗೆ ದೊಡ್ಡ ದೂರದರ್ಶಕ
ಕಾಳಿಲ್ಲದ ಗಿರಣಿಯ ಹಾಗೆ ಸುಮ್ಮನೆ ನಿಂತಿತ್ತು.

ನಾನು ಗೊದೆರ್ಜಿ, ಸೌದೆ ಹೊರುವವನು.
ಸಂಬಳದ ಮುಖ ನೋಡಿ ಏಳು ತಿಂಗಳು.
ಎತೆರಿಯ ಕೋಣೆಗೆ ಮಾತ್ರ
ಒಂದು ಹೊರೆ ಹೆಚ್ಚೇ ಹಾಕುತ್ತಿದ್ದೆ,
ಶಾಯಿ ಹೆಪ್ಪುಗಟ್ಟಿದರೆ ಲೆಕ್ಕ ನಿಂತೀತೆಂದು.

ಒಂದು ಕಲ್ಲಿನ ಲೆಕ್ಕ.
ನಮ್ಮೂರ ಗುಡ್ಡದಷ್ಟೂ ಇಲ್ಲ, ಹೆಸರೂ ಇಲ್ಲ, ಬರೀ ನಂಬರು.
ಸೂರ್ಯ ಎಷ್ಟು ಎಳೆದ, ಗುರು ಎಷ್ಟು ಜಗ್ಗಿದ,
ಶುಕ್ರ ಹಾದುಹೋಗುವಾಗ ಭುಜಕ್ಕೆ ಭುಜ ತಗುಲಿತೇ,
ಎಲ್ಲ ಕೂಡಿ, ಕಳೆದು, ದೀಪದ ಬತ್ತಿ ಏರಿಸಿ
"ಅದು ಇಲ್ಲಿರಬೇಕು" ಎನ್ನುತ್ತಿದ್ದಳು.
ಗಾಜಿನ ಫೋಟೋ ತಟ್ಟೆಯಲ್ಲಿ
ಅದು ಅಲ್ಲಿರಲಿಲ್ಲ.
ಕೂದಲೆಳೆಯಷ್ಟು ಹಿಂದೆ.

ಮೂರು ಸಲ ಮೊದಲಿನಿಂದ ಮಾಡಿದಳು.
ನಿರ್ದೇಶಕರು ಕೈಗವಸು ತೆಗೆಯದೆಯೇ ಹೇಳಿದರು:
"ಅಷ್ಟು ಶೇಷ ಯಾರ ಲೆಕ್ಕದಲ್ಲಿ ಇಲ್ಲ, ಬಿಡಮ್ಮ."
ಅಂಗಡಿಯವ ಚಿಲ್ಲರೆ ಬಿಟ್ಟಾನು.
ಇವಳು ಬಿಡಲಿಲ್ಲ.

ಫೆಬ್ರವರಿಯಲ್ಲಿ ಹಿಮ ಕುಸಿದು ದಾರಿ ಮುಚ್ಚಿತು.
ಸೌದೆ ಮುಗಿಯಿತು. ನಡುರಾತ್ರಿ ಅವಳು
ಒಲೆಯ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಳು.
"ಬೆಂಕಿ ಆರಿದ್ದು ಯಾವಾಗ?"
"ಸಂಜೆಯೇ, ಕಲ್ಬತೋನೋ."
"ಮತ್ತೆ ಇದು?"
"ಇಟ್ಟಿಗೆಯಲ್ಲವೇ, ಉಂಡದ್ದನ್ನು ನಿಧಾನ ಕೊಡುತ್ತದೆ."

ನನ್ನ ಮಾತಿನಿಂದ ಹೊಳೆಯಿತು ಎಂದೇನಲ್ಲ.
ಅವಳು ಎಲ್ಲೋ ಓದಿದ್ದಳು, ನೆನಪಾಯಿತು ಅಷ್ಟೆ.
ಆದರೂ ಪೆನ್ಸಿಲು ಹುಡುಕಲು ಓಡಿದ ರೀತಿ ನೋಡಬೇಕಿತ್ತು,
ಒಂದೇ ಕಾಲಿಗೆ ಚಪ್ಪಲಿ.

ಆ ಕಲ್ಲೂ ತಿರುಗುತ್ತದಂತೆ, ನಮ್ಮ ಭೂಮಿಯ ಹಾಗೇ.
ಅದಕ್ಕೂ ನಡುಹಗಲು, ಅದಕ್ಕೂ ಇಳಿಹೊತ್ತು.
ನೆತ್ತಿಯ ಬಿಸಿಲು ಕುಡಿದು
ಸಂಜೆಯ ಕಡೆಯಿಂದ ಕಾವು ಬಿಡುತ್ತದಂತೆ.
ಬಿಟ್ಟ ಕಾವು ಹಿಂದಕ್ಕೆ ಹೋದರೆ
ಕಲ್ಲು ಮುಂದಕ್ಕೆ,
ಒಂದು ಉಸಿರಿನಷ್ಟೂ ಅಲ್ಲ.

"ಮುಂದಕ್ಕೆ ತಳ್ಳಿದರೆ ಹಿಂದೆ ಏಕೆ ಬಿದ್ದಿದೆ?"
"ತಳ್ಳಿದ್ದಕ್ಕೆ ಸುತ್ತು ದೊಡ್ಡದಾಯಿತು, ಗೊದೆರ್ಜಿ.
ದೊಡ್ಡ ಸುತ್ತಿಗೆ ಹೊತ್ತು ಜಾಸ್ತಿ."
ನಾನು ನಕ್ಕೆ. ಇದು ನನ್ನ ಅಣ್ಣನ ಕಥೆ:
ಬಡ್ತಿ ಸಿಕ್ಕಾಗಿನಿಂದ ಮನೆಗೆ ತಲುಪಿದ್ದೇ ಇಲ್ಲ.

ಏಪ್ರಿಲ್‌ನಲ್ಲಿ ದಾರಿ ತೆರೆಯಿತು.
ಉತ್ತರ ಬರೆದಿಟ್ಟಿದ್ದ ಲಕೋಟೆಗೆ ಅಂಚೆಚೀಟಿ ಇರಲಿಲ್ಲ,
ಬ್ರೆಡ್ಡಿನ ಕೂಪನ್ನು ಕೊಟ್ಟು ತಂದೆ.
ಯಾರು ಓದಿದರೋ, ಕೇಳಲಿಲ್ಲ.

ಈಗಲೂ ಮುಳುಗುವ ಹೊತ್ತಿಗೆ
ಗುಮ್ಮಟದ ಪಡುಗೋಡೆಗೆ ಅಂಗೈ ಇಡುತ್ತೇನೆ.
ಬೆಚ್ಚಗಿರುತ್ತದೆ. ನನ್ನನ್ನು ಎಲ್ಲಿಗೂ ತಳ್ಳುವುದಿಲ್ಲ.
ತಳ್ಳುತ್ತದೆ, ಎನ್ನುತ್ತಿದ್ದಳು ಎತೆರಿ,
ಅಳೆಯುವಷ್ಟು ಹೊತ್ತು
ನೀನು ನಿಲ್ಲುವುದಿಲ್ಲ, ಅಷ್ಟೆ.