ಅಳೆದೂ ಸುರಿದೂ

ನನ್ನ ಚಾವಣಿಯೇ ಅವಳ ನೆಲ.
ಹಾಗಾಗಿ ಎಲ್ಲ ಗೊತ್ತು ನನಗೆ:
ಯಾವ ಹೊತ್ತಿಗೆ ಬೂಟು ಕಳಚುತ್ತಾಳೆ,
ಕೆಟಲು ಎಷ್ಟು ಸಲ ಕೂಗುತ್ತದೆ,
ಈಗ ಮೂರು ಶನಿವಾರಗಳಿಂದ
ಗರಗಸವೊಂದು ಅರ್ಧಕ್ಕೆ ನಿಂತು ಕೆಮ್ಮಿ
ಮತ್ತೆ ಹೇಗೆ ಹೊರಡುತ್ತದೆ.

ಕೈಜಾರಿದ ಸ್ಕ್ರೂ
ಕಿಟಕಿಯಿಂದ ಬಾಗಿಲವರೆಗೂ ಉರುಳುತ್ತದೆ.
ಶ್ಚೆಚಿನ್ನಿನ ಈ ಹಳೇ ಕಟ್ಟಡದಲ್ಲಿ
ಸಮವಾದ ನೆಲ ಯಾರಿಗೂ ಸಿಕ್ಕಿಲ್ಲ.

ಮೂವತ್ತೊಂದು ವರ್ಷ ಹಡಗಿಗೆ ಬೆಸುಗೆ ಹಾಕಿದವನು ನಾನು.
ಎಡಗಿವಿ ಹೋಗಿದೆ. ಬಲಗಿವಿಗೆ
ತಪ್ಪು ಹೊಡೆತ ಮಾತ್ರ ಚೆನ್ನಾಗಿ ಕೇಳುತ್ತದೆ.

ನಾಲ್ಕನೆಯ ಶನಿವಾರ ಮೆಟ್ಟಿಲು ಹತ್ತಿದೆ,
ಬೈಗುಳ ನಾಲಿಗೆಯ ತುದಿಯಲ್ಲೇ ಇತ್ತು.
ಬಾಗಿಲು ತೆರೆದವಳ ಹುಬ್ಬಿನ ತುಂಬ ಮರದ ಹುಡಿ.
"ಯಾದ್ವಿಗಾ, ಏನಿದು?"
ಮಾತಾಡದೆ ಬಚ್ಚಲಿಗೆ ಕರೆದೊಯ್ದಳು.

ಸ್ನಾನದ ತೊಟ್ಟಿಯಲ್ಲಿ ಹನ್ನೊಂದು ಮೀನು.

ಹಲ್ಲಿನ ಡಾಕ್ಟರು ಆಸ್ಪತ್ರೆ ಮುಚ್ಚಿದರಂತೆ.
ಕುರ್ಚಿ ಹೋಯಿತು, ದೀಪ ಹೋಯಿತು,
ಕನ್ನಡಿಗೂ ಗಿರಾಕಿ ಬಂದರು.
ಕಾಯುವವರ ಕೋಣೆಯ ಮೀನುಗಳನ್ನು
ಯಾರೂ ಕೇಳಲಿಲ್ಲ.
ಹದಿನಾಲ್ಕು ವರ್ಷ ಅಲ್ಲಿ ಕೂತು
ನೋವಿನವರ ಹೆಸರು ಕೂಗಿದವಳು ಇವಳು;
ಇವಳು ಕೇಳಿದಳು.
ಗಾಜಿನ ತೊಟ್ಟಿಯನ್ನೂ ಕೊಟ್ಟರು. ಅದು ಕೂತಿದ್ದ ಕಟ್ಟೆ
ಗೋಡೆಯದ್ದು, ಬರಲಿಲ್ಲ.

"ಮತ್ತೆ ನಿನ್ನ ಸ್ನಾನ?"
"ತಂಗಿಯ ಮನೆ. ಏಳನೇ ನಂಬರ್ ಟ್ರಾಮು.
ಬುಧವಾರ, ಭಾನುವಾರ."

ಕೋಣೆಯ ನಡುವೆ ನಿಂತಿತ್ತು ಅವಳ ಸ್ಟ್ಯಾಂಡು.
ನಿಂತಿತ್ತು ಎಂದರೆ ಹೆಚ್ಚಾಯಿತು;
ಕುಡಿದು ಬಂದವನು ಹೊಸ್ತಿಲಲ್ಲಿ
ನೆಟ್ಟಗಿದ್ದೇನೆ ನೋಡು ಎಂದು ನಿಂತ ಹಾಗೆ.
ಕಾಲು ನಾಲ್ಕು, ಎತ್ತರವೂ ನಾಲ್ಕು ತೆರ.
ಅಡ್ಡಪಟ್ಟಿಗಳು ಕಾಲಿನ ಮಗ್ಗುಲಿಗೆ ಅಂಟಿ
ಬರೀ ಸ್ಕ್ರೂಗಳ ಮೇಲೆ ಜೋತಿವೆ.
ಗೋಡೆಯ ಮೇಲೆ ಪೆನ್ಸಿಲ್ಲಿನ ಲೆಕ್ಕ:
ನೀರು ಇನ್ನೂರ ನಲವತ್ತು ಕಿಲೋ,
ಗಾಜು ನಲವತ್ತು,
ಮರಳು ಕಲ್ಲು ಮೂವತ್ತೈದು.
ಮನಸ್ಸಿನಲ್ಲೇ ಕೂಡಿದೆ.
ಕೂಡಿದ್ದೆಲ್ಲ ನನ್ನ ಮಂಚದ ನೇರ ಮೇಲೆ.

"ಸ್ಕ್ರೂ ಹಿಡಿಯುತ್ತದೆ, ಹೊರುವುದಿಲ್ಲ," ಎಂದೆ.
"ಮರದ ತಲೆಯ ಮೇಲೆ ಮರ ಕೂರಬೇಕು."
ಅಷ್ಟೇ. ಗರಗಸದತ್ತ ಹೋದ ಕೈಯನ್ನು
ಅವಳು ನೋಡಿದ ರೀತಿಗೆ
ಜೇಬಿಗೆ ಹಾಕಿಕೊಂಡೆ.

ಬಿಚ್ಚಿದಳು. ಎಲ್ಲವನ್ನೂ.
ಬಲಗಿವಿ ಮೇಲೆ ಮಾಡಿ ಮಲಗಿ ಎಣಿಸಿದೆ:
ಇಪ್ಪತ್ತೆಂಟು ಸ್ಕ್ರೂ,
ಒಂದೊಂದಾಗಿ ತಗಡಿನ ಡಬ್ಬಿಗೆ.

ಆಮೇಲೆ ಎರಡು ವಾರ ಗರಗಸ ಕೆಮ್ಮಲಿಲ್ಲ.
ಓಡ್ರಾ ನದಿಯ ಮೇಲಿನ ಮಂಜು
ಮಧ್ಯಾಹ್ನವಾದರೂ ಏಳದ ಒಂದು ದಿನ
ಅವಳೇ ಇಳಿದು ಬಂದಳು, ರಸಮಟ್ಟ ಕೇಳಿಕೊಂಡು.
ಪೆಟ್ಟಿಗೆಯ ಅಡಿಯಿಂದ ತೆಗೆದು ಕೊಟ್ಟೆ.
ಹಳದಿ ದ್ರವದಲ್ಲಿ ಆ ಗುಳ್ಳೆ
ನನಗಿಂತ ಚೆನ್ನಾಗಿ ಮುದಿಯಾಗಿತ್ತು.

ಮೂರು ಕಾಲು ಸರಿ. ನಾಲ್ಕನೆಯದರ ಕೆಳಗೆ
ಒಂದು ನಾಣ್ಯ ತೂರುವಷ್ಟು ಬೆಳಕು.
ತಪ್ಪಾಗಿ ಕೊಯ್ದ ಮೊದಲ ಕಾಲನ್ನು
ಎಸೆದಿರಲಿಲ್ಲ ಅವಳು; ಅದರಿಂದಲೇ
ತೆಳ್ಳಗೆ ಬೆಣೆ ಸೀಳಿ ತಳ್ಳಿದಳು.
ಗುಳ್ಳೆ ನಡುವಿಗೆ ಬಂದು
ಸುಮ್ಮನಾಯಿತು.

ಆ ರಾತ್ರಿ ನೀರು. ಹತ್ತು ಲೀಟರಿನ ಬಕೆಟ್ಟು.
ಅಳೆದದ್ದೂ ಅವಳೇ, ಸುರಿದದ್ದೂ ಅವಳೇ;
ಎಣಿಕೆ ಮಾತ್ರ ನನ್ನದು.
ಹದಿನೇಳಕ್ಕೆ ನಿಂತಳು.
ಎದ್ದು ಕೂತೆ.
ಎಲ್ಲೋ ಮರ ಒಮ್ಮೆ ಮುಲುಗಿತು,
ಭಾರ ಹೊತ್ತವರು ಹೆಗಲು ಬದಲಿಸುವಾಗಿನ ಹಾಗೆ.
ಚಾವಣಿಯಾಚೆ ಮೆಲ್ಲಗೆ ಸದ್ದು: ಅವಳೂ
ನೆಲಕ್ಕೆ ಮಲಗಿದಳು, ಕಿವಿ ಕೆಳಗೆ ಮಾಡಿ.
ನಡುವೆ ಒಂದು ಗೇಣು ಕಾಂಕ್ರೀಟು,
ಈಚೆಗೊಂದು ಕಿವಿ, ಆಚೆಗೊಂದು ಕಿವಿ.

ಎಷ್ಟೋ ಹೊತ್ತಿನ ಮೇಲೆ
ಹದಿನೆಂಟು.

ಮಂಚವನ್ನು ಆಚೆ ಗೋಡೆಗೆ ಸರಿಸಿದ್ದೇನೆ,
ಅದನ್ನು ಅವಳಿಗೆ ಹೇಳಿಲ್ಲ.
ನೀರು ಹದವಾಗಲೆಂದು ಇನ್ನೂ ಕೆಲವು ವಾರ ಕಾದಳು.
ಆಮೇಲೊಂದು ಬೆಳಗ್ಗೆ ಅವಳ ಬಚ್ಚಲಿನ ಕೊಳವೆಯಲ್ಲಿ
ನೀರು ಇಳಿಯಿತು, ಬಿಸಿಬಿಸಿ, ಬಹಳ ಹೊತ್ತು.
ಬುಧವಾರವಲ್ಲ ಅವತ್ತು,
ಭಾನುವಾರವೂ ಅಲ್ಲ.